ಶಬ್ದದೋಷಗಳ ಶೋಧನೆ

ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಅಚ್ಚಾದ ಗ್ರಂಥಗಳಲ್ಲಿಯೂ ಪದೇ ಪದೇ ಕಂಡುಬರುವ ಶಬ್ದದೋಷಗಳನ್ನು ಅಜಾಗರೂಕತೆಯ ಫಲವೆಂದು ಭಾವಿಸುವುದು ವಾಡಿಕೆ. ಅವುಗಳಲ್ಲಿ ಹಲವು ಎಚ್ಚರಿಕೆಯಿಂದಲೇ ಹುಟ್ಟಿದವು. ಬರೆಯುವವನು ತಾನು ಬಲ್ಲ ಒಂದು ಶುದ್ಧರೂಪವನ್ನು ಮಾದರಿಯಾಗಿಟ್ಟುಕೊಂಡು, ಅದು ಸಲ್ಲದ ಎಡೆಯಲ್ಲಿಯೂ ಅದನ್ನೇ ಅನುಸರಿಸುತ್ತಾನೆ. ಆದುದರಿಂದ ದೋಷವನ್ನು ಕಂಡಾಗ ಅದರ ಮಾದರಿ ಯಾವುದೆಂದು ಮೊದಲು ವಿಚಾರಿಸತಕ್ಕದ್ದು.

‘ಜಾತ್ಯಾತೀತ’, ‘ಕೋಟ್ಯಾಧಿಪತಿ’ ಎಂಬ ರೂಪಗಳನ್ನು ನೋಡಿರಿ. ಇವುಗಳ ಬೆನ್ನಿಗೆ ‘ಇತ್ಯಾದಿ’, ‘ಅತ್ಯಾಚಾರ’ಗಳಿವೆ. ಆದರೆ ಅಲ್ಲಿಯ ದೀರ್ಘವು ‘ಆದಿ’, ‘ಆಚಾರ’ ಎಂಬ ಉತ್ತರಪದಗಳ ಸ್ವಂತ ಸೊತ್ತು. ಯಣ್‌ಸಂಧಿಯು ಇಕಾರವನ್ನು ಯಕಾರವಾಗಿಸುವುದೇ ಹೊರತು ಮುಂದಿನ ಸ್ವರವನ್ನು ದೀರ್ಘಮಾಡದು. ‘ಅತೀತ’, ‘ಅಧಿಪತಿ’ಗಳ ಮೊದಲಲ್ಲಿರುವುದು ಹ್ರಸ್ವವಾದುದರಿಂದ ‘ಜಾತ್ಯತೀತ’, ‘ಕೋಟ್ಯಧಿಪತಿ’ ಎಂಬುವೇ ಸಾಧುಗಳು. ‘ಉಚ್ಛಾರಣೆ’ಗೆ ‘ಉಚ್ಛ್ವಾಸ’ವು ಮಾದರಿಯಾಗಿರಬೇಕು. ಅಲ್ಲಿ ಛಕಾರವು ‘ಶ್ವಾಸ’ದ ಶಕಾರದಿಂದ ಬಂದುದು, ‘ಉತ್’ ಎಂಬುದಕ್ಕೆ ‘ಚಾರಣ’ ಸೇರುವಾಗ ಶಕಾರವೆಲ್ಲಿಯದು? ‘ಅನುಗ್ರಹ’ವನ್ನು ನೆನೆದು ‘ಅನುಗ್ರಹೀತ’ವೆಂದು ಬರೆಯುವವರು, ಗ್ರಹಧಾತುವಿನ ರಕಾರವು ಭೂತಕೃದಂತದಲ್ಲಿ ಸಂಪ್ರಸಾರಣದಿಂದ ಋಕಾರವಾಗುವುದನ್ನು ಮರೆತವರು, ‘ಅನುಗೃಹೀತ’, ‘ಸಂಗೃಹೀತ’ಗಳೇ ಸರಿ. ‘ಕವಿ’ಯನ್ನು ನೆನೆದು ‘ಕವಿಯತ್ರಿ’ ಎನ್ನುವರು. ‘ಕವಯಿತೃ’ ಶಬ್ದದ ಸ್ತ್ರೀಲಿಂಗರೂಪ ‘ಕವಯಿತ್ರಿ’.

‘ತತ್ತ್ವ’ವನ್ನು ‘ತತ್ವ’ವೆಂದು ಬರೆದರೆ ನನಗೆ ಅಷ್ಟು ಕೋಪ ಬಾರದು, ಕಿವಿಗೆ ಭೇದವು ತೋರದು. ಶಾಸ್ತ್ರಗ್ರಂಥದಲ್ಲಿ ಮಾತ್ರ ಒಪ್ಪಲಾರೆ.

ತಿದ್ದುವವನೂ ಇದೇ ಹಳ್ಳಕ್ಕೆ ಬೀಳುವುದುಂಟು. ‘ಕಥೆ’ಯನ್ನು ಬಲ್ಲವನಿಗೆ ‘ಕತೆ’ ತಪ್ಪಾಗಿಯೂ, ‘ಘಂಟಾ’ ಶಬ್ದವನ್ನು ಬಲ್ಲವನಿಗೆ ‘ಗಂಟೆ’ ಅಶುದ್ಧವಾಗಿಯೂ ಕಾಣುತ್ತವೆ. ಇವು ದೋಷಗಳಲ್ಲ, ತದ್ಭವಗಳು. ಇಂತಹ ಮಾರ್ಪಾಟುಗಳಿಗೆಂದೇ ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣವನ್ನು ರಚಿಸಿದನು. ಈ ಲೇಖಕನೇ ಕೆಲವು ಕಾಲ ‘ಕತೆ’ಗೆ ಕೆಂಪುಗೆರೆ ಎಳೆದದ್ದುಂಟು; ಹಾಗೆ ಕಳೆದ ಅಂಕಗಳನ್ನು ಹಿಂದಿರುಗಿಸುವ ಬಗೆ ಇಂದಿಗೂ ತಿಳಿಯದು.

ವಿದ್ಯಾರ್ಥಿಯ ಹಾಳೆಯಲ್ಲಿ ಇದರಿಂದಾಗುವ ಹಾನಿ ಅಲ್ಪ. ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಅಧಿಕ. ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಜೀವಿಸು; ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ೞಕಾರ ಱಕಾರಗಳನ್ನು ಲಿಪಿಕಾರನ ಪ್ರಮಾದವೆಂದು ಬಗೆದು ಇಂದಿನ ಅಕ್ಷರಗಳಿಗೆ ತಿರುಗಿಸಿದರೆ ಅರ್ಥಭೇದವು ಅಳಿಯುತ್ತದೆ. ಪ್ರಾಸವನ್ನು ಹಿಡಿದು ಪಾಠವನ್ನು ನಿರ್ಣಯಿಸುವ ಸಾಧನವೂ ಕೈತಪ್ಪುತ್ತದೆ. ತಿದ್ದಲೇಬೇಕಾದಲ್ಲಿ ಓಲೆಯ ಪಾಠವನ್ನು ಪುಟದ ಅಡಿಯಲ್ಲಿ ಇದ್ದಂತೆಯೇ ಉಳಿಸುವುದು ಲೇಸು.