ಉತ್ತರ ಹೇಳದ ಕಥೆ: ‘ದಿ ಕ್ಯಾಟ್ ಇನ್ ದ ಹ್ಯಾಟ್’ ಚಿತ್ರಪುಸ್ತಕ ಮತ್ತು ಚಲನಚಿತ್ರ

ಕಥೆಯೊಂದು ಒಂದು ಮಾಧ್ಯಮದಿಂದ ಇನ್ನೊಂದು ಮಾಧ್ಯಮಕ್ಕೆ ಸಾಗುವಾಗ ಏನನ್ನು ಉಳಿಸಿಕೊಳ್ಳುತ್ತದೆ, ಏನನ್ನು ಬಿಟ್ಟುಕೊಡುತ್ತದೆ ಎಂಬುದು ಜಾನಪದ ಅಧ್ಯಯನಕ್ಕೆ ಹೊಸ ಪ್ರಶ್ನೆಯೇನಲ್ಲ. ಮಕ್ಕಳ ಚಿತ್ರಪುಸ್ತಕಗಳ ವಿಷಯದಲ್ಲಿಯೂ ಈ ಪ್ರಶ್ನೆಯನ್ನು ಕೇಳಲು ಸಕಾರಣವಿದೆ. ಚಿತ್ರಪುಸ್ತಕವು ಅಚ್ಚಾದ ಕೃತಿಯಾದರೂ ಅದರ ಬಳಕೆ ಬಹುಮಟ್ಟಿಗೆ ಮೌಖಿಕವಾದುದು. ಹಿರಿಯರೊಬ್ಬರು ಓದಿ ಹೇಳುತ್ತಾರೆ. ಮಗು ಕೇಳುತ್ತ, ಚಿತ್ರಗಳನ್ನು ನೋಡುತ್ತ, ನಡುವೆ ತಡೆದು ಪ್ರಶ್ನೆ ಮಾಡುತ್ತದೆ. ಹೇಳುವವರು ಮತ್ತು ಕೇಳುವವರು ಎದುರುಬದುರಾಗಿ ಇರುವ ಈ ಸನ್ನಿವೇಶವು ಜನಪದ ಕಥೆ ಹೇಳುವ ಸನ್ನಿವೇಶಕ್ಕೆ ಬಹಳ ಹತ್ತಿರದ್ದು. ಅಮೆರಿಕದ ಡಾ. ಸ್ಯೂಸ್ ಅವರ ‘ದಿ ಕ್ಯಾಟ್ ಇನ್ ದ ಹ್ಯಾಟ್’ ಎಂಬ ಪುಸ್ತಕವನ್ನೂ ಅದನ್ನು ಆಧರಿಸಿ ೨೦೦೩ರಲ್ಲಿ ತೆರೆಕಂಡ ಹಾಸ್ಯ ಚಲನಚಿತ್ರವನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪುಸ್ತಕದ ಹಿನ್ನೆಲೆ

ಡಾ. ಸ್ಯೂಸ್ ಎಂಬುದು ಥಿಯೋಡರ್ ಸ್ಯೂಸ್ ಗೈಸೆಲ್ (೧೯೦೪–೧೯೯೧) ಅವರ ಕಾವ್ಯನಾಮ. ೧೯೫೪ರಲ್ಲಿ ಲೇಖಕ ಜಾನ್ ಹರ್ಸಿ ‘ಲೈಫ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದು, ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಓದು ಕಲಿಯಲು ಹಿಂದುಳಿಯುವುದಕ್ಕೆ ಅವರ ಪ್ರಾಥಮಿಕ ವಾಚಕಗಳ ನೀರಸತೆಯೂ ಒಂದು ಕಾರಣವೆಂದು ವಾದಿಸಿದರು. ಆ ಪುಸ್ತಕಗಳ ಮಕ್ಕಳು ಎಂದೂ ತಪ್ಪು ಮಾಡದ, ಅತಿ ಶಿಸ್ತಿನ ಮಕ್ಕಳು. ಈ ಚರ್ಚೆಯ ಹಿನ್ನೆಲೆಯಲ್ಲಿ ಹಾಟನ್ ಮಿಫ್ಲಿನ್ ಪ್ರಕಾಶನದ ವಿಲಿಯಂ ಸ್ಪಾಲ್ಡಿಂಗ್, ಮಕ್ಕಳು ಕೆಳಗಿಡಲಾರದಂಥ ಪುಸ್ತಕವೊಂದನ್ನು ನಿಗದಿತ ಪದಪಟ್ಟಿಯೊಳಗೆ ಬರೆದುಕೊಡಬೇಕೆಂದು ಗೈಸೆಲ್ ಅವರನ್ನು ಕೇಳಿದರು. ೧೯೫೭ರಲ್ಲಿ ಹೊರಬಂದ ಕೃತಿಯಲ್ಲಿ ಬಳಕೆಯಾದ ಭಿನ್ನ ಪದಗಳು ಕೇವಲ ೨೩೬. ಅವುಗಳಲ್ಲಿ ಬಹುಪಾಲು ಒಂದೇ ಉಚ್ಚಾರಾಂಶದವು.

ಇಷ್ಟು ಕಡಿಮೆ ಪದಗಳಲ್ಲಿ ಕಥೆ ನಿಲ್ಲಬೇಕಾದರೆ ಲಯವೇ ಅದನ್ನು ಹೊರಬೇಕು. ಎರಡು ಹಗುರ ಉಚ್ಚಾರಗಳ ಬಳಿಕ ಒಂದು ಒತ್ತಿನ ಉಚ್ಚಾರ ಬರುವ ಗತಿ ಇಲ್ಲಿಯದು. ಇಂಗ್ಲಿಷ್ ಛಂದಸ್ಸು ಮಾತ್ರೆಯನ್ನಲ್ಲದೆ ಒತ್ತನ್ನು ಆಧರಿಸಿದ್ದೆಂಬ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ, ನಮ್ಮ ಸಗಣದ ನಡೆಯನ್ನು ಇದಕ್ಕೆ ಹೋಲಿಸಬಹುದು. ಪ್ರಾಸ ಮತ್ತು ಪುನರಾವರ್ತನೆಗಳಿಂದಾಗಿ ಓದಲು ಬಾರದ ಮಗುವೂ ಎರಡು ಮೂರು ಸಲ ಕೇಳಿದ ಮೇಲೆ ಮುಂದಿನ ಪದವನ್ನು ತಾನೇ ಹೇಳಬಲ್ಲದು. ಮೌಖಿಕ ಪರಂಪರೆಗಳಲ್ಲಿ ಸ್ಮರಣೆಗೆ ನೆರವಾಗುವ ತಂತ್ರಗಳೇ ಇಲ್ಲಿ ಅಕ್ಷರಾಭ್ಯಾಸದ ಸಾಧನಗಳಾಗಿವೆ ಎಂಬುದು ಗಮನಾರ್ಹ.

ಕಥನದ ರಚನೆ

ಮಳೆಯ ದಿನ. ತಾಯಿ ಹೊರಗೆ ಹೋಗಿದ್ದಾಳೆ. ಸ್ಯಾಲಿ ಎಂಬ ಹುಡುಗಿಯೂ ಕಥೆ ಹೇಳುತ್ತಿರುವ, ಹೆಸರಿಲ್ಲದ ಅವಳ ಅಣ್ಣನೂ ಮಾಡಲು ಕೆಲಸವಿಲ್ಲದೆ ಕುಳಿತಿದ್ದಾರೆ. ಆಗ ಎತ್ತರದ ಪಟ್ಟೆ ಟೊಪ್ಪಿಗೆಯ ಬೆಕ್ಕೊಂದು ಒಳಗೆ ಬರುತ್ತದೆ. ಮನೆಯ ಸಾಕುಮೀನು ಅದನ್ನು ಹೊರಗಟ್ಟಿರೆಂದು ಎಚ್ಚರಿಸುತ್ತದೆ. ಬೆಕ್ಕು ಕೇಳುವುದಿಲ್ಲ, ಕಸರತ್ತು ಮಾಡಲು ಹೋಗಿ ಎಲ್ಲವನ್ನೂ ಬೀಳಿಸುತ್ತದೆ. ಬಳಿಕ ಪೆಟ್ಟಿಗೆಯೊಂದರಿಂದ ಎರಡು ವಿಚಿತ್ರ ಜೀವಿಗಳನ್ನು ಹೊರಬಿಡುತ್ತದೆ. ಅವು ಮನೆಯೊಳಗೆ ಗಾಳಿಪಟ ಹಾರಿಸಿ ಕೋಲಾಹಲ ಎಬ್ಬಿಸುತ್ತವೆ. ತಾಯಿ ಮರಳುವ ಹೊತ್ತಿಗೆ ಹುಡುಗ ಅವುಗಳನ್ನು ಬಲೆಯಲ್ಲಿ ಹಿಡಿಯುತ್ತಾನೆ. ಬೆಕ್ಕು ಯಂತ್ರವೊಂದನ್ನು ತಂದು ಮನೆಯನ್ನು ಮೊದಲಿನಂತೆ ಮಾಡಿ ಮಾಯವಾಗುತ್ತದೆ.

ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ೧೯೨೮ರಲ್ಲಿ ಗುರುತಿಸಿದ ಜನಪದ ಕಥೆಯ ೩೧ ಕಾರ್ಯಗಳಲ್ಲಿ ಮೊದಲ ಮೂರು ಇವು: ಕುಟುಂಬದ ಸದಸ್ಯರೊಬ್ಬರ ನಿರ್ಗಮನ, ನಿಷೇಧ, ನಿಷೇಧದ ಉಲ್ಲಂಘನೆ. ಮೇಲಿನ ಕಥೆಯಲ್ಲಿ ಈ ಮೂರೂ ಇದೇ ಅನುಕ್ರಮದಲ್ಲಿ ಬರುತ್ತವೆ. ತಾಯಿಯ ನಿರ್ಗಮನದಿಂದ ತೆರವಾದ ಜಾಗದಲ್ಲಿ ನಿಷೇಧವನ್ನು ಉಚ್ಚರಿಸುವುದು ಮೀನು; ಅದನ್ನು ಮುರಿಯುವುದು ಬೆಕ್ಕು. ಮಕ್ಕಳು ನಡುವೆ ಸಿಕ್ಕಿಕೊಂಡವರು.

ಬೆಕ್ಕಿನ ಸ್ವಭಾವವನ್ನು ತಿಳಿಯಲು ಪಾಲ್ ರಾಡಿನ್ ಅವರ ೧೯೫೬ರ ಅಧ್ಯಯನವು ನೆರವಾಗುತ್ತದೆ. ಉತ್ತರ ಅಮೆರಿಕದ ವಿನೆಬಾಗೊ ಸಮುದಾಯದ ಕಥೆಗಳನ್ನು ವಿವೇಚಿಸಿದ ರಾಡಿನ್, ಅವುಗಳ ತುಂಟನಾಯಕನನ್ನು ಕಟ್ಟುವವನೂ ಕೆಡವುವವನೂ ಆದ, ಒಳಿತು ಕೆಡುಕುಗಳ ಅರಿವಿಲ್ಲದಿದ್ದರೂ ಎರಡಕ್ಕೂ ಕಾರಣನಾಗುವ ವ್ಯಕ್ತಿಯೆಂದು ವರ್ಣಿಸುತ್ತಾರೆ. ಆಫ್ರಿಕದ ಅನಾನ್ಸಿ ಜೇಡ, ನಮ್ಮ ಕಥೆಗಳ ನರಿ ಇದೇ ಬಳಗಕ್ಕೆ ಸೇರಿದವು. ಸ್ಯೂಸ್ ಅವರ ಬೆಕ್ಕು ಕೆಡಿಸುತ್ತದೆ, ಸರಿಪಡಿಸುತ್ತದೆ; ಎರಡನ್ನೂ ಅಷ್ಟೇ ಉತ್ಸಾಹದಿಂದ ಮಾಡುತ್ತದೆ. ಮಕ್ಕಳಿಗೆ ಪಾಠ ಕಲಿಸುವ ಗೋಜಿಗೆ ಅದು ಹೋಗುವುದಿಲ್ಲ.

ಕೊನೆಯ ಪ್ರಶ್ನೆ

ಈ ಕೃತಿಯ ನಿಜವಾದ ಶಕ್ತಿ ಇರುವುದು ಅದರ ಮುಕ್ತಾಯದಲ್ಲಿ. ಮನೆಗೆ ಬಂದ ತಾಯಿ, ದಿನ ಹೇಗೆ ಕಳೆಯಿತೆಂದು ಮಕ್ಕಳನ್ನು ವಿಚಾರಿಸುತ್ತಾಳೆ. ನಡೆದದ್ದನ್ನು ಹೇಳಬೇಕೋ ಬೇಡವೋ ತಿಳಿಯದೆ ಮಕ್ಕಳು ಸುಮ್ಮನಿರುತ್ತಾರೆ. ನಿರೂಪಕ ಬಾಲಕನು ಆ ಇಕ್ಕಟ್ಟನ್ನು ಓದುಗ ಮಗುವಿನ ಮುಂದಿಟ್ಟು ಕಥೆ ಮುಗಿಸುತ್ತಾನೆ. ಸತ್ಯ ಹೇಳಿದರೆ ನಂಬುವವರಿಲ್ಲ, ಮುಚ್ಚಿಟ್ಟರೆ ಸಾಕ್ಷಿಯಿಲ್ಲ. ಎರಡು ಬಗೆಯ ಉತ್ತರಕ್ಕೂ ಇಲ್ಲಿ ಅವಕಾಶವಿದೆ.

ಪ್ರಶ್ನೆಯಿಂದ ಮುಗಿಯುವ ಕಥೆಗಳು ಒಂದು ಪ್ರತ್ಯೇಕ ಪ್ರಕಾರವೇ ಆಗಿವೆ. ವಿಲಿಯಂ ಬಾಸ್ಕಮ್ ಆಫ್ರಿಕದ ಇಂತಹ ಕಥೆಗಳನ್ನು ಕುರಿತು ೧೯೭೫ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅಲ್ಲಿ ಕಥೆ ನಿಂತ ಮೇಲೆ ಕೇಳುಗರ ವಾದ ಆರಂಭವಾಗುತ್ತದೆ. ಆ ವಾದವೂ ಕಥಾಪ್ರಸಂಗದ ಭಾಗವೇ. ಕನ್ನಡ ಓದುಗರಿಗೆ ಬೇತಾಳನ ಕಥೆಗಳು ಪರಿಚಿತ. ರಾಜನು ಉತ್ತರ ಹೇಳಿದೊಡನೆ ಬೇತಾಳ ಮರಕ್ಕೆ ಮರಳುತ್ತದೆ. ‘ಕಥಾಸರಿತ್ಸಾಗರ’ದ ಪಾಠದಲ್ಲಿ ಕೊನೆಯ ಒಗಟಿಗೆ ರಾಜನಲ್ಲಿ ಉತ್ತರವಿರುವುದಿಲ್ಲ, ಆ ಮೌನದಿಂದಲೇ ಅವನ ಅಲೆದಾಟ ಮುಗಿಯುತ್ತದೆ. ಬೇತಾಳನ ಕಥೆಯಲ್ಲಿ ಪ್ರಶ್ನೆಯನ್ನು ಎದುರಿಸುವವನು ರಾಜ. ಸ್ಯೂಸ್ ಅವರ ಕಥೆಯಲ್ಲಿ ಐದಾರು ವರ್ಷದ ಮಗು. ಅದೂ ಸಾಮಾನ್ಯವಾಗಿ ತನ್ನ ತಾಯಿಯ ಪಕ್ಕದಲ್ಲಿಯೇ ಕುಳಿತು ಎದುರಿಸಬೇಕು. ಪುಸ್ತಕ ಮುಚ್ಚಿದ ಮೇಲೆ ಅವರಿಬ್ಬರ ನಡುವೆ ನಡೆಯುವ ಮಾತೇ ಈ ಕಥೆಯ ಕೊನೆಯ ಪುಟ.

ತೆರೆಯ ಮೇಲಿನ ವಿಸ್ತರಣೆ

ಗೈಸೆಲ್ ಅವರ ನಿಧನಾನಂತರ ಅವರ ಕೃತಿಗಳು ನಟರು ಅಭಿನಯಿಸುವ ‘ಲೈವ್ ಆ್ಯಕ್ಷನ್’ ಚಿತ್ರಗಳಾದವು. ೨೦೦೦ದಲ್ಲಿ ರಾನ್ ಹೋವರ್ಡ್ ನಿರ್ದೇಶನದ ‘ಗ್ರಿಂಚ್’ ಅಪಾರ ಹಣ ಗಳಿಸಿತು. ಅದರ ಬೆನ್ನಿಗೇ ೨೦೦೩ರ ನವೆಂಬರಿನಲ್ಲಿ, ಕಲಾನಿರ್ದೇಶನದಲ್ಲಿ ಹೆಸರಾಗಿದ್ದ ಬೋ ವೆಲ್ಷ್ ಅವರ ನಿರ್ದೇಶನದಲ್ಲಿ ‘ದಿ ಕ್ಯಾಟ್ ಇನ್ ದ ಹ್ಯಾಟ್’ ತೆರೆಕಂಡಿತು. ಬೆಕ್ಕಿನ ಪಾತ್ರವನ್ನು ಮೈಕ್ ಮೈಯರ್ಸ್ ವಹಿಸಿದರು. ವೆಚ್ಚ ೧೦ ಕೋಟಿ ಡಾಲರಿಗೂ ಮಿಕ್ಕಿತ್ತು.

ಹತ್ತು ಹದಿನೈದು ನಿಮಿಷಗಳಲ್ಲಿ ಓದಿ ಮುಗಿಸಬಹುದಾದ ಕಥೆಯನ್ನು ೮೨ ನಿಮಿಷಗಳ ಚಿತ್ರವಾಗಿಸುವಾಗ ವಿಸ್ತರಣೆ ಅನಿವಾರ್ಯ. ವಿಸ್ತರಣೆಯೇ ದೋಷವೆಂದು ಜಾನಪದ ವಿದ್ಯಾರ್ಥಿಯು ಹೇಳುವಂತಿಲ್ಲ. ಯಕ್ಷಗಾನದಲ್ಲಿ ಪ್ರಸಂಗದ ಕೆಲವೇ ಪದ್ಯಗಳನ್ನು ಕಲಾವಿದರು ತಮ್ಮ ಆಶುಮಾತಿನಿಂದ ಇಡೀ ರಾತ್ರಿಯ ಆಟವಾಗಿ ಬೆಳೆಸುವುದುಂಟು. ಆದುದರಿಂದ ಏನನ್ನು ಸೇರಿಸಲಾಯಿತು, ಸೇರಿಸಿದ್ದು ಮೂಲದ ಆಶಯವನ್ನು ಯಾವ ಕಡೆಗೆ ತಿರುಗಿಸಿತು ಎಂಬುದನ್ನೇ ನೋಡಬೇಕಾಗುತ್ತದೆ.

ಪುಸ್ತಕದಲ್ಲಿ ಮುಖವೂ ಕಾಣದ ತಾಯಿಗೆ ಚಿತ್ರದಲ್ಲಿ ಹೆಸರು, ಉದ್ಯೋಗ, ಶುಚಿತ್ವದ ಗೀಳಿನ ಮೇಲಧಿಕಾರಿ ಎಲ್ಲವೂ ದೊರೆಯುತ್ತವೆ. ಅಂದು ಸಂಜೆ ಅವಳ ಮನೆಯಲ್ಲಿ ಔತಣಕೂಟವಿದೆ; ಮನೆ ಕೊಳೆಯಾಗಕೂಡದು. ಹೆಸರಿಲ್ಲದ ಬಾಲಕ ಕಾನ್ರಾಡ್ ಎಂಬ ಪುಂಡನಾಗುತ್ತಾನೆ, ಸ್ಯಾಲಿ ಎಲ್ಲವೂ ತನ್ನ ಹಿಡಿತದಲ್ಲಿರಬೇಕೆನ್ನುವ ಹುಡುಗಿಯಾಗುತ್ತಾಳೆ. ತಾಯಿಯನ್ನು ಮದುವೆಯಾಗಿ ಹುಡುಗನನ್ನು ಸೈನಿಕ ಶಾಲೆಗೆ ಅಟ್ಟಲು ಹವಣಿಸುವ ನೆರೆಮನೆಯವನೊಬ್ಬ ಖಳನಾಗಿ ಬರುತ್ತಾನೆ. ಮಕ್ಕಳಿಗೆ ನಿಲುಕದ ಪೋಲಿ ಶ್ಲೇಷೆಗಳೂ ಸೇರಿಕೊಂಡಿವೆ. ವಿಮರ್ಶಕರು ಚಿತ್ರವನ್ನು ಹಳಿದದ್ದು ಹೆಚ್ಚಾಗಿ ಇವುಗಳಿಗಾಗಿ.

ಆದರೆ ಇದಕ್ಕಿಂತ ಮುಖ್ಯವಾದ ಪಲ್ಲಟವೊಂದಿದೆ. ಚಿತ್ರದ ಬೆಕ್ಕು ಮೊದಲಿಗೇ ಮಕ್ಕಳ ಸ್ವಭಾವವನ್ನು ಅಳೆಯುತ್ತದೆ: ಒಬ್ಬನಲ್ಲಿ ಶಿಸ್ತಿಲ್ಲ, ಇನ್ನೊಬ್ಬಳಲ್ಲಿ ಸಡಿಲಿಕೆಯಿಲ್ಲ. ಕೊನೆಗೆ ಮಕ್ಕಳು ಸಿಟ್ಟಿನಿಂದ ಅದನ್ನು ಹೊರಹಾಕಿ, ತಪ್ಪನ್ನು ತಾವೇ ಹೊರಲು ಸಿದ್ಧರಾಗುತ್ತಾರೆ. ಅವರು ಪಾಠ ಕಲಿತರೆಂಬ ಸಂತೋಷದಿಂದ ಬೆಕ್ಕು ಹಿಂತಿರುಗಿ ಮನೆಯನ್ನು ಸರಿಪಡಿಸುತ್ತದೆ. ದಿನದ ಘಟನೆಗಳೆಲ್ಲ ಅದರ ಯೋಜನೆಯೇ ಆಗಿದ್ದವೆಂದು ತಿಳಿದುಬರುತ್ತದೆ. ಖಳನ ಬಣ್ಣ ಬಯಲಾಗುತ್ತದೆ, ಔತಣ ಯಶಸ್ವಿಯಾಗುತ್ತದೆ.

ಇಲ್ಲಿ ತುಂಟನಾಯಕನು ವೇಷ ಮರೆಸಿಕೊಂಡ ಉಪಾಧ್ಯಾಯನಾಗಿ ಬದಲಾಗಿದ್ದಾನೆ. ಕೋಲಾಹಲವು ಮೊದಲೇ ಸಿದ್ಧಪಡಿಸಿದ ಪಾಠಯೋಜನೆಯಾದಾಗ ಅದರ ಅಪಾಯವೂ ಆನಂದವೂ ಒಟ್ಟಿಗೇ ಇಲ್ಲವಾಗುತ್ತವೆ. ಮಕ್ಕಳ ಹೊಣೆಗಾರಿಕೆಯ ಪ್ರಶ್ನೆಗೆ ಚಿತ್ರವೇ ತೀರ್ಪು ಕೊಟ್ಟುಬಿಡುವುದರಿಂದ ನೋಡುವ ಮಗುವಿಗೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ವಿಪರ್ಯಾಸವೆಂದರೆ, ಸದ್ಗುಣಗಳನ್ನೇ ಬೋಧಿಸುತ್ತಿದ್ದ ವಾಚಕಗಳಿಗೆ ಪರ್ಯಾಯವಾಗಿ ಹುಟ್ಟಿದ ಕಥೆಯು ತೆರೆಯ ಮೇಲೆ ಅದೇ ವಾಚಕಗಳ ಬೋಧನೆಗೆ ಮರಳಿತು.

ಈ ಚಿತ್ರದ ಬಳಿಕ ಗೈಸೆಲ್ ಅವರ ಪತ್ನಿ ಆಡ್ರೆ ಗೈಸೆಲ್, ಪತಿಯ ಕೃತಿಗಳನ್ನು ನಟರಿಂದ ಚಿತ್ರಿಸಲು ಇನ್ನು ಅನುಮತಿ ಕೊಡಬಾರದೆಂದು ನಿರ್ಧರಿಸಿದರು. ಮುಂದೆ ಬಂದ ‘ಹಾರ್ಟನ್’ (೨೦೦೮), ‘ದಿ ಲೋರಾಕ್ಸ್’ (೨೦೧೨), ‘ದಿ ಗ್ರಿಂಚ್’ (೨೦೧೮) ಮೂರೂ ಅನಿಮೇಷನ್ ಚಿತ್ರಗಳು. ಆದರೆ ನಟನ ಬದಲು ಚಿತ್ರಿತ ಬೆಕ್ಕು ಬಂದ ಮಾತ್ರಕ್ಕೆ ಇಲ್ಲಿ ಚರ್ಚಿಸಿದ ಸಮಸ್ಯೆ ಪರಿಹಾರವಾಗದು. ಕಥೆಗೆ ಒಡೆಯ ಹೇಳುವವನೋ ಕೇಳುವವನೋ ಎಂಬ ಪ್ರಶ್ನೆ ಎರಡು ಬಗೆಯ ಚಿತ್ರಗಳಿಗೂ ಸಮಾನವಾದುದು.

ನಮ್ಮ ಜನಪದ ಕಥೆಗಳೂ ಇಂದು ಚಿತ್ರಪುಸ್ತಕಗಳಾಗಿ, ಅನಿಮೇಷನ್ನುಗಳಾಗಿ ಮಕ್ಕಳನ್ನು ತಲುಪುತ್ತಿವೆ. ಅವುಗಳನ್ನು ರೂಪಾಂತರಿಸುವವರು ಪಾತ್ರ, ಘಟನೆ, ಸಂಭಾಷಣೆಗಳನ್ನು ಧಾರಾಳವಾಗಿ ಸೇರಿಸಲಿ. ಪರಂಪರೆಯೇ ಅದಕ್ಕೆ ಅನುಮತಿ ನೀಡಿದೆ. ಆದರೆ ಕಥೆ ಮೌನವಾಗುವ ಜಾಗವನ್ನು ನೀತಿವಾಕ್ಯದಿಂದ ತುಂಬುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು. ಮಗು ಬಾಯಿ ತೆರೆದು ತನ್ನ ಅಭಿಪ್ರಾಯ ಹೇಳುವುದು ಆ ಜಾಗದಲ್ಲಿಯೇ.