ಹುಲ್ಲುಗಾವಲಿಗೆ ಹೋಗುವ ಕಾಲ

ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನವನ್ನು ಕಾಣಬಯಸುವವರು ಚಳಿಗಾಲವನ್ನೇ ಆರಿಸಿಕೊಳ್ಳುತ್ತಾರೆ. ಅಷ್ಟು ದೂರ ಹೋಗಲಾಗದ ನಮ್ಮಂಥ ಯಲಹಂಕದವರಿಗೆ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಆಚೆ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಅದರ ಬಳಗದ ಭೂಮಿಯೊಂದುಂಟು: 2007ರಲ್ಲಿ ಘೋಷಿತವಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಇದು ಮರುಭೂಮಿಯಲ್ಲ, ಬಯಲುಸೀಮೆಯ ಒಣ ಹುಲ್ಲುಗಾವಲು. ಇಲ್ಲಿಗೆ ಯಾವಾಗ ಹೋಗಬೇಕು?

ಉತ್ತರವನ್ನು ಮಳೆಯೇ ಹೇಳುತ್ತದೆ. ಮುಂಗಾರಿನ ಮೋಡಗಳು ತಮ್ಮ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟಗಳಲ್ಲೇ ಸುರಿದು, ಇಲ್ಲಿಗೆ ಬರುವ ಹೊತ್ತಿಗೆ ಬರಿದಾಗಿರುತ್ತವೆ. ಈ ನೆಲಕ್ಕೆ ಹದವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆ ಮಳೆಗೆ ಬೆಳೆದ ಹುಲ್ಲು ನವೆಂಬರಿನಿಂದಾಚೆಗೆ ಮೆಲ್ಲಮೆಲ್ಲನೆ ಹೊಂಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಾದರೋ ಕೃಷ್ಣಮೃಗಗಳು ಬೆಳಗು ಬೈಗುಗಳಲ್ಲಿ ಮೇದು, ನಡುಹಗಲು ನೆರಳನ್ನು ಅರಸುತ್ತವೆ. ಚಳಿಗಾಲದಲ್ಲಿ ಬಿಸಿಲಿನ ಝಳ ತಗ್ಗಿ, ಹೆಚ್ಚು ಹೊತ್ತು ಬಯಲಿನಲ್ಲಿ ಕಾಣಸಿಗುತ್ತವೆ. ಮಧ್ಯ ಏಷ್ಯದ ಕಡೆಯಿಂದ ಹ್ಯಾರಿಯರ್ ಎಂಬ ವಲಸೆ ಗಿಡುಗಗಳು ಬರುವುದೂ ಆಗಲೇ. ಆದುದರಿಂದ ನಮಗೆ ಚಳಿಗಾಲವೇ ಉತ್ತಮ.

ಆದರೆ ನಮಗೆ ಅನುಕೂಲವಾದದ್ದು ಅವುಗಳಿಗೂ ಅನುಕೂಲವೆ? ಈ ಗಿಡುಗಗಳು ಇರುಳು ಕಳೆಯುವುದು ಮರದ ಮೇಲಲ್ಲ, ನೆಲದ ಹುಲ್ಲಿನ ನಡುವೆ. ಸೂರ್ಯಾಸ್ತದ ಸೊಬಗಿಗೆಂದು ಹುಲ್ಲಿನೊಳಕ್ಕೆ ನುಗ್ಗುವ ಒಂದೇ ಒಂದು ವಾಹನ, ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಯನ್ನು ಹಾಸಿಗೆಯಿಂದಲೇ ಎಬ್ಬಿಸಿದಂತಾಗುತ್ತದೆ. ನಾವು ಬಂಜರೆಂದು ಹೆಸರಿಟ್ಟ ನೆಲ ಅವಕ್ಕೆ ಮನೆ. ಋತುವಿನೊಡನೆ ಹೊತ್ತನ್ನೂ ಆರಿಸಿಕೊಳ್ಳೋಣ: ಚಳಿಗಾಲದ ಮುಂಜಾವಿನಲ್ಲಿ ಹೋಗಿ, ದಾರಿ ಬಿಡದೆ ನಿಂತು ನೋಡಿ, ಸಂಜೆಗೆ ಮುನ್ನ ಮರಳೋಣ. ಬರುವ ಕಾಲದಷ್ಟೇ ಹೊರಡುವ ಕಾಲವನ್ನೂ ಅತಿಥಿಯಾದವನು ಅರಿತಿರಬೇಕು.