ಬಾಗಿಲು ಜೋತುಬಿದ್ದರೆ ಕಪಾಟು ಹಳೆಯದಾಯಿತೇ?

ಕಪಾಟಿನ ಬಾಗಿಲು ಜೋತುಬಿದ್ದರೆ ಎತ್ತಿ ಹಿಡಿದು ಮುಚ್ಚುವುದು ನಮ್ಮ ಬಹುತೇಕ ಮನೆಗಳ ರೂಢಿ. ಕೆಲವು ದಿನ ಕಾಗದ ಮಡಚಿ ಸಿಕ್ಕಿಸುತ್ತೇವೆ, ಆಮೇಲೆ ದಾರ ಕಟ್ಟುತ್ತೇವೆ. ಕೊನೆಗೆ ‘ಹಳೇದಾತು’ ಎಂದು ಗುಜರಿಗೆ ಹಾಕುತ್ತೇವೆ. ನಿಜಕ್ಕೂ ಸವೆದಿರುವುದು ಕಪಾಟಲ್ಲ, ಅದರ ಬಿಜಾಗ್ರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಹಿಂಜಸ್’ ಎಂದು ಕೇಳಿದರೂ ಕೊಡುವುದು ಅದನ್ನೇ.

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಗೆ ಹೊರಳುವ ಕುಳಗೇರಿ ಕ್ರಾಸ್ ನಮ್ಮೂರು. ಡಿಗ್ರಿ ಮುಗಿಸಿ ಎರಡು ವರ್ಷವಾಯಿತು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನೋಟಿಫಿಕೇಶನ್‌ಗೆ ಕಾಯುವ ನಡುವೆ ಬಡಿಗೇರ ಅಜ್ಜನ ಬಳಿ ಕೂತು ಈ ಕೆಲಸ ಕಲಿತೆ. ಅವರ ಮೊದಲ ಪಾಠ ಇದು: “ಮೊದ್ಲ ಮ್ಯಾಲಿಂದು ನೋಡು. ಭಾರ ಎಲ್ಲಾ ಅಲ್ಲೇ ಜಗ್ಗತೈತಿ.”

ಹೌದು, ಬಾಗಿಲಿನ ತೂಕ ಮೇಲಿನ ಬಿಜಾಗ್ರಿಯನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಹಾಗಾಗಿ ಮೊದಲು ಸಡಿಲಾಗುವುದು ಮೇಲಿನ ಸ್ಕ್ರೂಗಳೇ. ಬಾಗಿಲನ್ನು ಹಿಡಿಕೆಯಿಂದ ಸ್ವಲ್ಪ ಎತ್ತಿ ನೋಡಿ. ಬಿಜಾಗ್ರಿಯ ಪಟ್ಟಿಯೇ ಅಲುಗಿದರೆ ಕಟ್ಟಿಗೆಯ ತೂತು ದೊಡ್ಡದಾಗಿದೆ. ಪಟ್ಟಿ ಬಿಗಿಯಾಗಿದ್ದು ನಡುವಿನ ಸುರುಳಿ ಆಡಿದರೆ ಒಳಗಿನ ಕಡ್ಡಿ ಸವೆದಿದೆ.

ತೂತು ದೊಡ್ಡದಾಗಿದ್ದರೆ ಹೊಸ ಬಿಜಾಗ್ರಿ ಬೇಕಿಲ್ಲ. ಸ್ಕ್ರೂ ತೆಗೆದು, ಮದ್ದು ಮುರಿದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಗಿಡಿಯಬೇಕು. ಒಂದು ದಿನ ಒಣಗಲು ಬಿಟ್ಟು, ಹೊರಗೆ ಉಳಿದ ತುದಿ ಕತ್ತರಿಸಿ ಅದೇ ಸ್ಕ್ರೂ ತಿರುಗಿಸಿದರೆ ಬಿಗಿಯಾಗಿ ಕೂರುತ್ತದೆ. ಕಡ್ಡಿ ಸವೆದಿದ್ದರೆ ಬದಲಿಸಲೇಬೇಕು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ಜೋಡಿಯಾಗಿ ತನ್ನಿ. ಬಾಗಿಲಿನ ಕೆಳಗೆ ಕಟ್ಟಿಗೆ ತುಂಡು ಕೊಟ್ಟು, ಒಂದಾದ ಮೇಲೆ ಒಂದು ಬಿಚ್ಚಿ ಜೋಡಿಸಿ.

ಪ್ಲೈವುಡ್ ಕಪಾಟಿನ ಒಳಗೆ ಅಡಗಿರುವ ಹಿಂಜಸ್ ಬೇರೆ ತರಹದ್ದು. ಅದರ ಬಟ್ಟಲು ಕೂರುವ ತೂತು ಸಾಮಾನ್ಯವಾಗಿ 35 ಮಿಲಿಮೀಟರ್. ಬಾಗಿಲು ಕಪಾಟಿನ ಅಂಚನ್ನು ಪೂರ್ತಿ ಮುಚ್ಚುತ್ತದೋ, ಅರ್ಧ ಮುಚ್ಚುತ್ತದೋ, ಒಳಗೆ ಕೂರುತ್ತದೋ ಎಂಬುದರ ಮೇಲೆ ಹಿಂಜಸ್ ಬದಲಾಗುತ್ತದೆ. ಎಷ್ಟೋ ಸಲ ಬದಲಿಸುವ ಅಗತ್ಯವೇ ಇರುವುದಿಲ್ಲ. ಅದರ ತೋಳಿನ ಸ್ಕ್ರೂ ಒಂದೆರಡು ಸುತ್ತು ತಿರುಗಿಸಿದರೆ ಓರೆಯಾದ ಬಾಗಿಲು ನೆಟ್ಟಗಾಗುತ್ತದೆ.

ಪಕ್ಕದ ಮನೆಯ ಚಿಗವ್ವ ತವರಿನಿಂದ ಬಂದ ಸಾಗವಾನಿ ಕಪಾಟನ್ನು ಗುಜರಿಯವನಿಗೆ ಕೊಡಲು ಒಪ್ಪಿದ್ದರು. “ನಮ್ಮಪ್ಪ ಮಾಡಿಸಿಕೊಟ್ಟಿದ್ದು, ಮನಸು ಒಲ್ಲೆ ಅಂತೈತಿ” ಎಂದೂ ಹೇಳುತ್ತಿದ್ದರು. ಬಿಜಾಗ್ರಿ ಬದಲಿಸಿಕೊಟ್ಟೆ. ಬೇಡವೆಂದರೂ ಇನ್ನೂರು ರೂಪಾಯಿ ಕೈಗಿಟ್ಟರು. ಡಿಗ್ರಿ ಮುಗಿದ ಮೇಲೆ ನಾನು ದುಡಿದ ಮೊದಲ ಹಣ ಅದು.

ಸುದ್ದಿ ತಿಳಿದ ಸಂಬಂಧಿಕರೊಬ್ಬರು, “ಡಿಗ್ರಿ ಮಾಡಿ ಬಡಿಗೇತನ ಮಾಡ್ತಿಯೇನಪಾ?” ಎಂದರು. ಅವ್ವನಿಗೂ ಮುಜುಗರ. ಯಾರಾದರೂ ಕೇಳಿದರೆ ‘ಲೈಬ್ರರಿಗೆ ಹೋಗ್ಯಾನ’ ಎನ್ನುತ್ತಿದ್ದಳು. ಅಜ್ಜನಿಗೂ ನನಗೂ ವ್ಯತ್ಯಾಸ ಇಷ್ಟೇ: ಅವರಿಗೆ ಸರ್ಟಿಫಿಕೇಟ್ ಇಲ್ಲ, ಆದರೆ ಅವರನ್ನು ಹುಡುಕಿಕೊಂಡು ಜನ ಬರುತ್ತಾರೆ. ನನ್ನ ಬಳಿ ಸರ್ಟಿಫಿಕೇಟ್ ಇದೆ, ಕೆಲಸವನ್ನು ನಾನೇ ಹುಡುಕಿಕೊಂಡು ಹೋಗಬೇಕು.

ಸರ್ಕಾರವೂ ಈ ಕಸುಬನ್ನು ಕಡೆಗಣಿಸಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ಅರ್ಹರಿಗೆ ತರಬೇತಿ ವೇಳೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ.

ಪರೀಕ್ಷೆಯನ್ನು ನಾನು ಕೈಬಿಟ್ಟಿಲ್ಲ. ವಾರದಲ್ಲಿ ಆರು ದಿನ ಪುಸ್ತಕ, ಭಾನುವಾರ ಸ್ಕ್ರೂಡ್ರೈವರ್. ಈಗ ಯಾರ ಮನೆಯ ಬಾಗಿಲು ಜೋತುಬಿದ್ದಿದೆ ಎಂದು ಅವ್ವನೇ ವಿಚಾರಿಸಿಕೊಂಡು ಬರುತ್ತಾಳೆ. ನಿಮ್ಮ ಹಾಸ್ಟೆಲ್ ರೂಮಿನ ಕಪಾಟನ್ನೂ ಇವತ್ತು ಒಮ್ಮೆ ತೆರೆದು ನೋಡಿ.